ಮೋಡವಿಲ್ಲದ ಗಾಳಿ

ಕಡಲ ಪಕ್ಕದಲ್ಲೇ ಬೆಳೆದ ನನಗೆ ಗಾಳಿಯ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡಿದ್ದೆ. ನಮ್ಮೂರಲ್ಲಿ ಕಡಲು ಕೆರಳುವ ಮೊದಲು ಪಡುವಣದಲ್ಲಿ ಮೋಡ ಕಪ್ಪಿಡುತ್ತದೆ, ಮಳೆ ಬರುತ್ತದೆ. ಗ್ರೀಸಿನ ಏಜಿಯನ್ ಸಮುದ್ರ ಹಾಗಲ್ಲ. ಬೇಸಿಗೆಯಲ್ಲಿ ಅಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿಗೆ ಮೋಡವೂ ಬೇಡ, ಮಳೆಯೂ ಬೇಡ. ಚುರುಚುರು ಬಿಸಿಲಲ್ಲೇ ದಿನಗಟ್ಟಲೆ ಬೀಸುತ್ತದೆ.

ಅಕ್ಕ–ಭಾವನ ಜೊತೆ ಸ್ಯಾಂಟೊರಿನಿ ದ್ವೀಪಕ್ಕೆ ಹೋದದ್ದು ಆಗಸ್ಟ್‌ನಲ್ಲಿ. ಆಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ದೊಡ್ಡ ಹಡಗಿನಲ್ಲಿ ಸುಮಾರು 8 ಗಂಟೆಯ ಪ್ರಯಾಣ. ನಡುವೆ ಪಾರೋಸ್, ನಾಕ್ಸೋಸ್ ದ್ವೀಪಗಳು. ಪ್ರತಿ ದಕ್ಕೆಯಲ್ಲೂ ಹಡಗು ಬೆನ್ನು ತಿರುಗಿಸಿ ನಿಲ್ಲುತ್ತದೆ, ಹಿಂದಿನ ಕಬ್ಬಿಣದ ಬಾಗಿಲು ಕೆಳಗಿಳಿಯುತ್ತದೆ, ಲಾರಿ, ಸ್ಕೂಟರ್, ಸೂಟ್‌ಕೇಸ್ ಎಳೆಯುವ ಜನ ಎಲ್ಲ ಒಟ್ಟಿಗೇ ಹೊರಬೀಳುತ್ತಾರೆ. ಕೊನೆಗೆ ಜ್ವಾಲಾಮುಖಿ ಸಿಡಿದು ಕುಸಿದ ಬಾಯೊಳಗೇ ಹಡಗು ಸಾಗುತ್ತದೆ. ಎತ್ತರದ ಬಂಡೆಗೋಡೆಯ ನೆತ್ತಿಯಲ್ಲಿ ಬಿಳಿ ಮನೆಗಳು. ಅಕ್ಕ ರೇಲಿಂಗ್ ಬಿಟ್ಟು ಕದಲಲೇ ಇಲ್ಲ.

ವಾಪಸು ಟಿಕೆಟ್ ಮಾಡಿಸಿದವನು ನಾನು. ಮಧ್ಯಾಹ್ನದ ಹಡಗು, ಅದೇ ರಾತ್ರಿ ಆಥೆನ್ಸ್‌ನಿಂದ ವಿಮಾನ. "ಒಂದು ರಾತ್ರಿ ಆಥೆನ್ಸಲ್ಲಿ ಉಳಿಯುವ ಮಾರಾಯ" ಎಂದು ಅಕ್ಕ ಊರಲ್ಲೇ ಹೇಳಿದ್ದಳು. ಹೋಟೆಲ್ ದುಡ್ಡು ದಂಡ ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಹೊರಡುವ ದಿನ ಟಿಕೆಟ್ ಕಚೇರಿಯ ಹುಡುಗಿ, ಹಡಗು ಬಿಡುವುದಿಲ್ಲ, ಬಂದರು ಅಧಿಕಾರಿಗಳ ಆದೇಶ ಎಂದಳು. ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪಕದಲ್ಲಿ ಅದು 8 ಮುಟ್ಟಿದರೆ ಅಲ್ಲಿ ದೊಡ್ಡ ಹಡಗುಗಳನ್ನೂ ತಡೆಯುತ್ತಾರೆ. ವೇಗದ ಸಣ್ಣ ಹಡಗುಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ನನಗೆ ಅದೆಲ್ಲ ಕಿವಿಗೆ ಹೋಗಲಿಲ್ಲ. ಕಿಟಕಿಯತ್ತ ಕೈ ತೋರಿಸಿ, "ಆಕಾಶ ನೋಡಿ, ಎಲ್ಲಿದೆ ಬಿರುಗಾಳಿ?" ಎಂದು ಕೂಗಿದೆ. ಕಚೇರಿ ಸ್ತಬ್ಧವಾಯಿತು. ಅಕ್ಕ ಅಂಗಿ ಜಗ್ಗಿದಳು: "ಸಾಕು, ಅವಳೆಂತ ಮಾಡ್ತಾಳೆ?"

ಗೋಡೆ ಬದಿಯ ಬೆಂಚಿನಲ್ಲಿ ಎಕ್ಸ್‌ರೇ ಲಕೋಟೆ ಮಡಿಲಲ್ಲಿಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. ಆಥೆನ್ಸ್‌ನ ಆಸ್ಪತ್ರೆಗೆ ಹೊರಟವರು. ನನ್ನ ಕೂಗಾಟವೆಲ್ಲ ಮುಗಿದ ಮೇಲೆ ಸರಿದು ಅಕ್ಕನಿಗೆ ಜಾಗ ಕೊಟ್ಟರು, ನನ್ನತ್ತ ನೋಡಲೂ ಇಲ್ಲ. ಆ ಕ್ಷಣ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ವಿಮಾನ ಹೋಯಿತು. ಆ ರಾತ್ರಿ ಕೋಣೆಯಲ್ಲಿ ನಿದ್ದೆ ಬಾರದೆ ಎಕ್ಸ್‌ಪ್ರೆಸ್ ಸಮೀನಾ ಹಡಗಿನ ಬಗ್ಗೆ ಓದಿದೆ. 2000ದ ಸೆಪ್ಟೆಂಬರ್ 26ರ ರಾತ್ರಿ, ಪಿರೇಯಸ್‌ನಿಂದ ಬಂದ ಆ ಹಡಗು ಪಾರೋಸ್ ಹತ್ತಿರ ಬಂಡೆಗೆ ಬಡಿದು ಮುಳುಗಿತ್ತು. 80ಕ್ಕೂ ಹೆಚ್ಚು ಜನ ಸತ್ತರು. ಸಿಬ್ಬಂದಿಯ ನಿರ್ಲಕ್ಷ್ಯ ಮುಖ್ಯ ಕಾರಣ. ಆದರೆ ಆ ರಾತ್ರಿಯೂ ಗಾಳಿ ಜೋರಿತ್ತು. ನಾವು ರೇಲಿಂಗ್ ಹಿಡಿದು ಫೋಟೊ ತೆಗೆದುಕೊಂಡದ್ದು ಅದೇ ನೀರಿನಲ್ಲಿ.

ನಮ್ಮೂರ ಕಡೆಯ ಮಲ್ಪೆಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲೇ ಇರುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ನಡುವೆ ಬಿಸಿಲು ಬಿದ್ದ ದಿನವೂ ದೋಣಿ ಇಳಿಸಿ ಎಂದು ಅಲ್ಲಿ ಯಾರ ಮೇಲೂ ರೇಗಿದ್ದಿಲ್ಲ. ಟಿಕೆಟ್ ಕೈಗೆ ಬಂದದ್ದೇ ಕಡಲೂ ನನ್ನ ಗಡಿಯಾರಕ್ಕೆ ತಕ್ಕಂತೆ ನಡೆಯಬೇಕು ಎಂಬ ಹಕ್ಕು ಎಲ್ಲಿಂದ ಬಂತೋ.

ಮರುದಿನ ಗಾಳಿ ಇಳಿಯಿತು. ಕಚೇರಿಗೆ ಹೋಗಿ ಆ ಹುಡುಗಿಯಲ್ಲಿ ಕ್ಷಮೆ ಕೇಳಿದೆ. ಆಯಿತು ಎಂದು ತಲೆಯಾಡಿಸಿದಳು. ಮೊದಲು ಅಜ್ಜಿಯ ಟಿಕೆಟ್ ಬದಲಿಸಿ ಕೊಟ್ಟು, ಆಮೇಲೆ ನಮ್ಮದಕ್ಕೆ ಕೈಚಾಚಿದಳು.