ಒಂದು ಸಹಿಗೆ ಎರಡು ಸೆಕೆಂಡ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಬಳಗದ ಕ್ವಿಜ್‌ಗೆ ಪ್ರಶ್ನೆ ತಯಾರಿಸೋ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲೊಂದು ಪ್ರಶ್ನೆ: ಸಿಬಿಐ ಯಾವ ಸಚಿವಾಲಯದ ಅಡಿಯಲ್ಲಿ ಬರುತ್ತೆ? ಮೊದಲು ಬಜರ್ ಒತ್ತಿದ ತಂಡ ‘ಗೃಹ’ ಅಂತು. ತಪ್ಪು ಅಂದಾಗ ಉಳಿದ ತಂಡಗಳೂ ಮುಖ ಮುಖ ನೋಡಿಕೊಂಡವು, ಯಾಕಂದ್ರೆ ಎಲ್ಲರ ಬಳಿ ಇದ್ದದ್ದು ಅದೊಂದೇ ಉತ್ತರ. ನಿಜ ಏನಂದ್ರೆ, 1963ರ ಏಪ್ರಿಲ್ 1ರಂದು ಸಿಬಿಐಯನ್ನು ಹುಟ್ಟುಹಾಕಿದ್ದು ಗೃಹ ಸಚಿವಾಲಯದ್ದೇ ಒಂದು ನಿರ್ಣಯ. ಆಗ ಗೃಹ ಸಚಿವರಾಗಿದ್ದವರು ಲಾಲ್ ಬಹಾದ್ದೂರ್ ಶಾಸ್ತ್ರಿ. 1970ರಲ್ಲಿ ಇಂದಿರಾ ಗಾಂಧಿ ಗೃಹ ಖಾತೆಯನ್ನು ತಾವೇ ಇಟ್ಟುಕೊಂಡರು. ಅದೇ ವರ್ಷ ಸಿಬಿಐ ಹೊಸದಾಗಿ ಹುಟ್ಟಿದ ಸಿಬ್ಬಂದಿ ಇಲಾಖೆಗೆ ಹೋಯಿತು. ಇವತ್ತಿಗೂ ಅಲ್ಲೇ ಇದೆ.

ಉತ್ತರ ಖಚಿತ ಮಾಡಿಕೊಳ್ಳಲು ಶುರು ಮಾಡಿದ ಓದು ಕ್ವಿಜ್ ಮುಗಿದ ಮೇಲೂ ನಿಲ್ಲಲಿಲ್ಲ. ಅದರ ಫಲ ಈ ಬರಹ.

‘ಗೃಹ’ ಅನ್ನೋ ಹೆಸರೇ ತಮಾಷೆಯಾಗಿದೆ. ಮನೆ ಕಟ್ಟಿಸಿಕೊಡೋದಕ್ಕೂ ಈ ಖಾತೆಗೂ ಸಂಬಂಧವಿಲ್ಲ, ಅದಕ್ಕೆ ಬೇರೆ ಸಚಿವಾಲಯವಿದೆ. ಕಂಪನಿ ಸರ್ಕಾರದ ಕಾಲದ ‘ಹೋಮ್ ಡಿಪಾರ್ಟ್‌ಮೆಂಟ್’ ಅನ್ನೋ ಹೆಸರು ಹಾಗೇ ಉಳಿದು, ಕನ್ನಡಕ್ಕೆ ಬರುವಾಗ ‘ಗೃಹ’ ಆಯಿತು. ಇನ್ನೂ ದೊಡ್ಡ ತಮಾಷೆ ಸಂವಿಧಾನದಲ್ಲಿದೆ. ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ಎರಡೂ ರಾಜ್ಯ ಪಟ್ಟಿಯ ವಿಷಯಗಳು. ನಮ್ಮ ಕಾಲೇಜು ಗೇಟಿನ ಮುಂದೆ ಗಲಾಟೆ ಆದರೆ ಬರೋದು ಕರ್ನಾಟಕದ ಪೊಲೀಸರು, ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ. ಹಾಗಾದ್ರೆ ಕೇಂದ್ರ ಗೃಹ ಸಚಿವರ ಕುರ್ಚಿಗೆ ಇಷ್ಟು ತೂಕ ಎಲ್ಲಿಂದ ಬಂತು?

ಸಿಆರ್‌ಪಿಎಫ್, ಗಡಿ ಕಾಯೋ ಬಿಎಸ್‌ಎಫ್, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಮ್ಮ ಬ್ಯಾಗ್ ತಡಕಾಡೋ ಸಿಐಎಸ್‌ಎಫ್ ಇವೆಲ್ಲ ಆ ಖಾತೆಯವು ಅನ್ನೋದು ಒಂದು ಉತ್ತರ. ಗುಪ್ತಚರ ದಳ ಐಬಿ, ಜನಗಣತಿ, ಪೌರತ್ವ, ಐಪಿಎಸ್ ಅಧಿಕಾರಿಗಳ ಕೇಡರ್ ಕೂಡ ಅಲ್ಲೇ. ನಮ್ಮ ಬಳಗದವರಿಗೆ ಅಚ್ಚರಿಯಾಗೋ ಒಂದು ವಿಷಯ ಅಂದ್ರೆ ಭಾಷೆ. ಕೇಂದ್ರ ಸರ್ಕಾರಿ ಕಚೇರಿಗಳಲ್ಲಿ ಹಿಂದಿ ಎಷ್ಟು ಬಳಕೆಯಾಗಬೇಕು ಅಂತ ನೋಡಿಕೊಳ್ಳೋ ರಾಜಭಾಷಾ ವಿಭಾಗ ಇರೋದು ಶಿಕ್ಷಣ ಸಚಿವಾಲಯದಲ್ಲಲ್ಲ, ಸಂಸ್ಕೃತಿ ಸಚಿವಾಲಯದಲ್ಲೂ ಅಲ್ಲ, ಗೃಹದಲ್ಲಿ. ಅದು ಹುಟ್ಟಿದ್ದು 1975ರ ಜೂನ್‌ನಲ್ಲಿ. ಮರುವರ್ಷ ಬಂದ ನಿಯಮಗಳು ತಮಿಳುನಾಡನ್ನು ಪೂರ್ತಿ ಹೊರಗಿಟ್ಟು, ಕರ್ನಾಟಕವನ್ನು ‘ಗ’ ಕ್ಷೇತ್ರ ಅಂತ ಗುರುತಿಸಿದವು. ಬ್ಯಾಂಕಿನ ಫಾರಂ ನೋಡಿ ನಾವು ಗೊಣಗೋ ಮಾತಿಗೂ ಒಂದು ವಿಳಾಸವಿದೆ ಅಂತಾಯ್ತು.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಈ ಪಟ್ಟಿಯಲ್ಲ, ಆ ಕುರ್ಚಿಯಲ್ಲಿ ಕೂತವರು. ಅವರಲ್ಲಿ ಎಷ್ಟು ಜನ ಜೈಲು ಕಂಡವರು ಅಂತ ನೋಡಿ. ಮೊದಲ ಗೃಹ ಸಚಿವ ಸರ್ದಾರ್ ಪಟೇಲ್ 1946ರ ಸೆಪ್ಟೆಂಬರ್‌ನಲ್ಲಿ ಮಧ್ಯಂತರ ಸರ್ಕಾರದಲ್ಲಿ ಈ ಖಾತೆ ವಹಿಸಿಕೊಂಡಾಗ ಅಹಮದ್‌ನಗರ ಕೋಟೆಯ ಸೆರೆಯಿಂದ ಹೊರಬಂದು ಇನ್ನೂ ಎರಡು ವರ್ಷ ಆಗಿರಲಿಲ್ಲ. ಅದೇ ಕೋಟೆಯಲ್ಲಿ ಸೆರೆಯಲ್ಲಿದ್ದ ಗೋವಿಂದ ವಲ್ಲಭ ಪಂತ್ ಮುಂದೆ ಗೃಹ ಸಚಿವರಾಗಿ 1956ರ ರಾಜ್ಯ ಪುನರ್ವಿಂಗಡಣಾ ಮಸೂದೆಯನ್ನು ಸಂಸತ್ತಿನಲ್ಲಿ ದಾಟಿಸಿದರು. ನಮ್ಮ ನವೆಂಬರ್ 1ರ ಧ್ವಜದ ಹಿಂದೆ ಅವರ ಕಡತವೂ ಇದೆ. ವಿಚಾರಣೆಯಿಲ್ಲದೆ ಬಂಧನದಲ್ಲಿಡೋದು ಹೇಗಿರುತ್ತೆ ಅಂತ ಇವರಿಗೆಲ್ಲ ಪುಸ್ತಕ ಓದಿ ತಿಳಿಯಬೇಕಿರಲಿಲ್ಲ.

ಹಾಗಿದ್ದೂ ಸಂವಿಧಾನ ಜಾರಿಯಾದ ಮರುತಿಂಗಳೇ, 1950ರ ಫೆಬ್ರವರಿಯಲ್ಲಿ, ಮುಂಜಾಗ್ರತಾ ಬಂಧನದ ಮಸೂದೆ ತಂದವರು ಇದೇ ಪಟೇಲರು. ಇದಕ್ಕಾಗಿ ರಾತ್ರಿ ನಿದ್ದೆಗೆಟ್ಟೆ ಅಂತ ಸದನದಲ್ಲೇ ಹೇಳಿಕೊಂಡರು. ಆ ಮಾತನ್ನು ನಾನು ನಂಬ್ತೀನಿ. ತೊಂದರೆ ಏನಂದ್ರೆ, ಒಂದು ವರ್ಷಕ್ಕೆ ಅಂತ ಬಂದ ಕಾಯ್ದೆಯನ್ನು ಮುಂದುವರಿಸುತ್ತಾ ಹೋದವರು ಯಾರೂ ನಿದ್ದೆಗೆಟ್ಟ ಸುದ್ದಿಯಿಲ್ಲ. ಅದು ಉಸಿರುಬಿಟ್ಟಿದ್ದು 1969ರ ಕೊನೆಗೆ. 1971ರಲ್ಲಿ ಮೀಸಾ ಬಂತು.

ಆಮೇಲಿನದು ಗೊತ್ತಿರೋದೇ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿ ಸಹಿ ಹಾಕಿದರು. ಸಂಪುಟ ಸಭೆ ಸೇರಿದ್ದು ಮರುದಿನ ಬೆಳಗ್ಗೆ ಆರಕ್ಕೆ. ಗೃಹ ಸಚಿವ ಬ್ರಹ್ಮಾನಂದ ರೆಡ್ಡಿಯವರಿಗೂ ವಿಷಯ ಗೊತ್ತಾಗಿದ್ದು ಆ ರಾತ್ರಿಯೇ. ದೇಶದ ಆಂತರಿಕ ಭದ್ರತೆಗೆ ಅಪಾಯ ಅಂತ ಹೊರಡಿಸಿದ ಘೋಷಣೆ ಅದು, ಆಂತರಿಕ ಭದ್ರತೆಯ ಸಚಿವರಿಗೇ ಕೊನೆ ಗಳಿಗೆಯಲ್ಲಿ ತಿಳಿಯುತ್ತೆ! ಬೆಂಗಳೂರಿಗೆ ಸಂಸದೀಯ ಸಮಿತಿಯ ಕೆಲಸಕ್ಕೆ ಬಂದಿದ್ದ ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಜೂನ್ 26ರಂದು ಇಲ್ಲೇ ಬಂಧನಕ್ಕೊಳಗಾದರು. ಅವರನ್ನಿಟ್ಟಿದ್ದ ಕೇಂದ್ರ ಕಾರಾಗೃಹವೇ ಈಗಿನ ಫ್ರೀಡಂ ಪಾರ್ಕ್.

ಆಗ ಜೈಲಿಗೆ ಹೋಗಿದ್ದ ಚರಣ್ ಸಿಂಗ್ 1977ರಲ್ಲಿ ಗೃಹ ಸಚಿವರಾದರು. ಅದೇ ಅಕ್ಟೋಬರ್ 3ರಂದು ಇಂದಿರಾ ಗಾಂಧಿಯವರ ಬಂಧನವಾಯಿತು. ಬಂಧನಕ್ಕೆ ಆಧಾರ ಸಾಲದು ಅಂತ ಮ್ಯಾಜಿಸ್ಟ್ರೇಟರು ಮರುದಿನವೇ ಬಿಟ್ಟುಬಿಟ್ಟರು. ಚರಣ್ ಸಿಂಗ್ ಸೋತರು ಅಂತ ಈ ಕಥೆಯನ್ನು ಹೇಳೋದು ರೂಢಿ. ನನಗೆ ಅದರಲ್ಲಿ ಕಾಣೋದು ಬೇರೆ: ಸರ್ಕಾರದ ಕಾಗದವನ್ನು ಸರ್ಕಾರಕ್ಕೆ ಸೇರದ ಒಬ್ಬರು ಓದಿ ನೋಡಿದ್ದು.

ಜನತಾ ಸರ್ಕಾರ ಮೀಸಾವನ್ನು ರದ್ದು ಮಾಡಿತು. 1978ರ 44ನೇ ತಿದ್ದುಪಡಿಯಿಂದ, ಸಂಪುಟದ ಲಿಖಿತ ತೀರ್ಮಾನ ಇಲ್ಲದೆ ತುರ್ತುಪರಿಸ್ಥಿತಿ ಘೋಷಿಸೋ ಹಾಗಿಲ್ಲ ಅಂತಾಯ್ತು. ಅಷ್ಟು ಮಾಡಿದ್ದಕ್ಕೆ ಅವರನ್ನು ನೆನೆಯಲೇಬೇಕು. ಆದರೆ ಒಂದು ಬಾಗಿಲು ಮುಚ್ಚಿದರೂ ಪಕ್ಕದ ಕಿಟಕಿ ತೆರೆದೇ ಇತ್ತು. ಅದು ಫೋನ್ ಕದ್ದಾಲಿಕೆ. ನಮ್ಮ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್‌ನವರು ಇಲ್ಲಿಂದ ಮುಂದೆ ಸ್ವಲ್ಪ ಗಮನ ಕೊಟ್ಟು ಓದಬೇಕು.

ಈ ಕಥೆಯ ಒಂದು ಎಳೆ ನಮ್ಮ ವಿಧಾನಸೌಧದಿಂದಲೇ ಹೊರಡುತ್ತೆ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದು ಫೋನ್ ಕದ್ದಾಲಿಕೆಯ ವಿವಾದದಲ್ಲಿ. ಅವರ ಜಾಗಕ್ಕೆ ಬಂದವರು ಎಸ್. ಆರ್. ಬೊಮ್ಮಾಯಿ. 1989ರ ಏಪ್ರಿಲ್‌ನಲ್ಲಿ ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು, 356ನೇ ವಿಧಿಯಡಿ ಬೊಮ್ಮಾಯಿ ಸರ್ಕಾರ ವಜಾ ಆಯಿತು. ಸದನದಲ್ಲಿ ಬಹುಮತ ತೋರಿಸ್ತೀನಿ ಅಂದರೂ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಪರೀಕ್ಷೆಯಾಗಬೇಕಾದ್ದು ಸದನದಲ್ಲೇ ಅಂದಿತು. ಕೇಂದ್ರದ ಆ ಕಾಗದವನ್ನೂ ನ್ಯಾಯಾಲಯ ಬಿಚ್ಚಿ ನೋಡಬಹುದು ಅಂತಲೂ ಹೇಳಿತು.

ಎರಡು ವರ್ಷದ ನಂತರ, 1996ರ ಡಿಸೆಂಬರ್‌ನಲ್ಲಿ, ಪಿಯುಸಿಎಲ್ ಪ್ರಕರಣದಲ್ಲಿ ಫೋನ್ ಕದ್ದಾಲಿಕೆಯ ಸರದಿ ಬಂತು. ಸರ್ಕಾರಕ್ಕೆ ಈ ಅಧಿಕಾರ ಕೊಟ್ಟಿದ್ದು 1885ರ ಟೆಲಿಗ್ರಾಫ್ ಕಾಯ್ದೆ. ಅದನ್ನು ಹೇಗೆ ಬಳಸಬೇಕು ಅನ್ನೋ ನಿಯಮಾವಳಿಯೇ ಅಲ್ಲಿಯವರೆಗೆ ಇರಲಿಲ್ಲ. ನೂರಾ ಹನ್ನೊಂದು ವರ್ಷ! ಆದೇಶಕ್ಕೆ ಗೃಹ ಕಾರ್ಯದರ್ಶಿಯೇ ಸಹಿ ಮಾಡಬೇಕು, ಎರಡು ತಿಂಗಳೊಳಗೆ ಸಮಿತಿಯೊಂದು ಅದನ್ನು ಪರಿಶೀಲಿಸಬೇಕು ಅಂತ ಕೋರ್ಟ್ ಹೇಳಿತು. ಮೊದಲೇ ನ್ಯಾಯಾಧೀಶರ ಒಪ್ಪಿಗೆ ಪಡೀಬೇಕು ಅನ್ನೋ ಕೋರಿಕೆಯನ್ನು ಮಾತ್ರ, ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿಲ್ಲ ಅಂತ ಕೈಬಿಟ್ಟಿತು. ಅಂದ್ರೆ ಚೆಂಡು ಸಂಸತ್ತಿನ ಅಂಗಳಕ್ಕೆ ಬಿತ್ತು.

ಆ ಹೊತ್ತಿಗೆ ಗೃಹ ಸಚಿವರಾಗಿದ್ದವರು ಇಂದ್ರಜಿತ್ ಗುಪ್ತ. ಕಮ್ಯುನಿಸ್ಟರು, ಒಂದು ಕಾಲದಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ಭೂಗತರಾಗಿದ್ದವರು. ಅವರ ನಂತರ ಬಂದವರು ಅಡ್ವಾಣಿ, ಬೆಂಗಳೂರು ಜೈಲಿನ ಹಳೇ ಕೈದಿ. ಕದ್ದಾಲಿಕೆಯ ಆದೇಶವನ್ನು ನ್ಯಾಯಾಧೀಶರ ಮುಂದಿಡೋ ಕಾನೂನು ತರೋದಕ್ಕೆ ಇವರಿಬ್ಬರಿಗಿಂತ ಯೋಗ್ಯರು ಯಾರಿದ್ದರು? ಇಬ್ಬರ ಕಾಲದಲ್ಲೂ ಬರಲಿಲ್ಲ. ಆಮೇಲೂ ಇಲ್ಲ, ಯಾವ ಪಕ್ಷ ಬಂದರೂ ಇಲ್ಲ.

ಆ ಪರಿಶೀಲನಾ ಸಮಿತಿಯಲ್ಲಿ ಇರೋರು ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ಮೂವರೂ ಸರ್ಕಾರದವರೇ. ಬೆಂಗಳೂರಿನಲ್ಲೇ ಹುಟ್ಟಿದ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಸಮಿತಿ 2018ರ ವರದಿಯಲ್ಲಿ ಇದರ ಲೆಕ್ಕ ಕೊಟ್ಟಿದೆ. ಎರಡು ತಿಂಗಳಿಗೊಮ್ಮೆ ಸೇರೋ ಈ ಸಮಿತಿ ಒಂದೊಂದು ಸಭೆಯಲ್ಲಿ 15,000ದಿಂದ 18,000 ಆದೇಶಗಳನ್ನು ನೋಡಬೇಕು. ನಾವು ಎಂಜಿನಿಯರುಗಳಲ್ವಾ, ಭಾಗಾಕಾರ ಮಾಡೋಣ. ಊಟ, ಕಾಫಿ ಎಲ್ಲ ಬಿಟ್ಟು ಎಂಟು ಗಂಟೆ ಕೂತರೆ 28,800 ಸೆಕೆಂಡ್. ಕಡಿಮೆ ಸಂಖ್ಯೆಯನ್ನೇ ಹಿಡಿದರೂ ಒಂದು ಆದೇಶಕ್ಕೆ ಎರಡು ಸೆಕೆಂಡ್ ಕೂಡ ಸಿಗಲ್ಲ. ಲ್ಯಾಬ್ ರೆಕಾರ್ಡಿಗೆ ಕಣ್ಣುಮುಚ್ಚಿ ಸಹಿ ಹಾಕೋ ಮೇಷ್ಟ್ರು ಕೂಡ ಹೆಸರು, ಯುಎಸ್‌ಎನ್ ನೋಡೋಕೆ ಅದಕ್ಕಿಂತ ಹೆಚ್ಚು ಹೊತ್ತು ತಗೋತಾರೆ.

ಭಯೋತ್ಪಾದಕರ ಫೋನ್ ಕೇಳಬಾರದಾ ಅಂತ ನನ್ನ ರೂಮ್‌ಮೇಟ್ ಕೇಳಿದ. ಖಂಡಿತ ಕೇಳಬೇಕು. 2008ರ ನವೆಂಬರ್‌ನ ಮುಂಬೈ ದಾಳಿಯ ನಂತರ ಗೃಹ ಸಚಿವ ಶಿವರಾಜ್ ಪಾಟೀಲ್ ರಾಜೀನಾಮೆ ಕೊಟ್ಟರು. ಮುಂದಿನ ದಾಳಿ ತಪ್ಪಿಸೋ ಹೊಣೆ ಅದೇ ಖಾತೆಯದ್ದು, ಅದು ಸಣ್ಣ ಹೊರೆಯಲ್ಲ. ಆದರೆ ಪ್ರಶ್ನೆ ಕೇಳಬೇಕೋ ಬೇಡವೋ ಅನ್ನೋದಲ್ಲ. ಆ ಸಹಿಯನ್ನು ಹೊರಗಿನ ಒಬ್ಬರು ಎರಡು ಸೆಕೆಂಡಿಗಿಂತ ಜಾಸ್ತಿ ಹೊತ್ತು ನೋಡ್ತಾರಾ ಅನ್ನೋದು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಇನ್ನೊಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅದರ ಮರುವರ್ಷ, 2018ರ ಡಿಸೆಂಬರ್ 20ರಂದು, ಗೃಹ ಸಚಿವಾಲಯ ಆದೇಶವೊಂದನ್ನು ಹೊರಡಿಸಿ, ಕಂಪ್ಯೂಟರ್‌ಗಳಲ್ಲಿನ ಮಾಹಿತಿಯನ್ನು ನೋಡಬಲ್ಲ ಹತ್ತು ಸಂಸ್ಥೆಗಳನ್ನು ಹೆಸರಿಸಿತು.

1885ರ ಕಾಯ್ದೆಯ ಜಾಗಕ್ಕೆ ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಕದ್ದಾಲಿಕೆಯ ಹೊಸ ನಿಯಮಗಳು 2024ರ ಡಿಸೆಂಬರ್‌ನಲ್ಲಿ ಪ್ರಕಟವಾದವು. ಅವುಗಳಲ್ಲೂ ಕೇಂದ್ರದ ಪರವಾಗಿ ಸಹಿ ಹಾಕೋದು ಗೃಹ ಕಾರ್ಯದರ್ಶಿಯೇ, ಪರಿಶೀಲಿಸೋದು ಕಾರ್ಯದರ್ಶಿಗಳ ಸಮಿತಿಯೇ. ಆದೇಶ ಬಂದು ತಲುಪೋದು ಟೆಲಿಕಾಂ ಕಂಪನಿಯ ನೋಡಲ್ ಅಧಿಕಾರಿಗೆ. ಪ್ಲೇಸ್‌ಮೆಂಟ್ ಆಗಿ ಹೋದ ನಮ್ಮ ಸೀನಿಯರ್‌ಗಳಲ್ಲಿ ಯಾರಾದರೂ ನಾಳೆ ಆ ಕುರ್ಚಿಯಲ್ಲಿ ಕೂರಬಹುದು. ಕೆಲಸ ಮುಗಿದ ಮೇಲೆ ದಾಖಲೆಗಳನ್ನು ಇಂತಿಷ್ಟು ತಿಂಗಳಲ್ಲಿ ನಾಶ ಮಾಡಬೇಕು ಅಂತ ನಿಯಮವಿದೆ. ಯಾರ ಫೋನ್ ಕೇಳಿದರೋ ಅವರಿಗೆ ಆಮೇಲಾದರೂ ಒಂದು ಮಾತು ತಿಳಿಸಬೇಕು ಅಂತ ಮಾತ್ರ ಯಾವ ನಿಯಮದಲ್ಲೂ ಇಲ್ಲ.