ತಾತನ ಪಟ್ಟಿ, ಬಜಾರಿನ ಬೆಲ್ಟು

ದೀಪಾವಳಿ ರಜೆ ಮುಗಿಸಿ ಬಂದಾಗ ನಮ್ಮ ರೂಮಿನ ನಾಲ್ವರಲ್ಲಿ ಒಬ್ಬನ ಬ್ಯಾಗಿಂದ ಚಕ್ಲಿ ಡಬ್ಬದ ಜೊತೆ ಒಂದು ಟವೆಲ್ ಗಂಟು ಹೊರಗೆ ಬಿತ್ತು. ಬಿಚ್ಚಿದ್ರೆ ಒಳಗೆ ಹಳೇ ಕಾಲದ ಮಡಚೋ ಕ್ಷೌರದ ಕತ್ತಿ, ಜೊತೆಗೆ ಒಂದೂವರೆ ಅಡಿ ಉದ್ದದ ಕಪ್ಪು ಚರ್ಮದ ಪಟ್ಟಿ. ಕತ್ತಿ ಏನು ಅಂತ ಸಿನಿಮಾ ನೋಡಿದವರಿಗೆಲ್ಲ ಗೊತ್ತು. ಪಟ್ಟಿ ಯಾಕೆ ಅಂತ ನಮಗೆ ಗೊತ್ತಿರಲಿಲ್ಲ. ‘ತಾತಂದು’ ಅಂದ, ಅಷ್ಟೇ. ನಾವು ‘ವಿಂಟೇಜ್ ಮಗಾ!’ ಅಂತ ಕುಣಿದ್ವಿ. ತಾತ ಅದರಲ್ಲಿ ತಮ್ಮ ಗಡ್ಡ ತಾವೇ ಹೆರ್ಕೊಳ್ತಿದ್ರು ಅಂದ್ಕೊಂಡ್ವಿ.

ಕತ್ತಿ ಪೇಪರ್ ಕೂಡ ನೆಟ್ಟಗೆ ಕುಯ್ಯಲಿಲ್ಲ. ಅರ್ಧ ರಾತ್ರಿ ವಿಡಿಯೋ ನೋಡಿದ ಮೇಲೆ ಗೊತ್ತಾಯ್ತು, ಪ್ರತಿ ಸಲ ಶೇವ್ ಮಾಡೋ ಮುಂಚೆ ಅಲಗನ್ನ ಚರ್ಮದ ಮೇಲೆ ಎಳೀಬೇಕು, ಆ ಚರ್ಮಕ್ಕೆ ಸ್ಟ್ರಾಪ್ ಅಂತಾರೆ ಅಂತ. ಕನ್ನಡದಲ್ಲಿ ‘ಮಸೆಯೋದು’ ಅನ್ನೋ ಪದ ನಮಗೆ ಟಿವಿ ನ್ಯೂಸ್‌ನಿಂದ ಮಾತ್ರ ಗೊತ್ತಿತ್ತು. ಅಲ್ಲಿ ರಾಜಕಾರಣಿಗಳು ಒಬ್ಬರ ಮೇಲೊಬ್ಬರು ಕತ್ತಿ ಮಸೀತಾನೇ ಇರ್ತಾರೆ.

ತಾತನ ಪಟ್ಟಿ ಒಣಗಿ ಹಪ್ಪಳ ಆಗಿತ್ತು. ಹೊಸದು ಆನ್‌ಲೈನ್‌ನಲ್ಲಿ ನೋಡಿದ್ರೆ, ಕುದುರೆ ಚರ್ಮದ ಒಂದು ಸ್ಟ್ರಾಪ್‌ನ ಬೆಲೆ ನಮ್ಮ ಒಂದು ತಿಂಗಳ ಮೆಸ್ ಬಿಲ್‌ಗಿಂತ ಜಾಸ್ತಿ. ಹಾಗಾಗಿ ಒಂದು ಶುಕ್ರವಾರ ಗಾಂಧಿ ಬಜಾರ್‌ಗೆ ಹೊರಟ್ವಿ. ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜೆ ಅನ್ನೋದು ಬಾಗಿಲ ಮುಂದೆ ನಿಂತ ಮೇಲೆ ನೆನಪಾಯ್ತು. 1943ರಿಂದ ಇರೋ ಹೋಟೆಲ್ಲು, ನಾಲ್ಕು ಜನ ಇಂಜಿನಿಯರ್‌ಗಳಿಗೆ ಇಷ್ಟು ಗೊತ್ತಿರಲಿಲ್ಲ. ದೋಸೆ ಇಲ್ಲದೆ, ಹೂವಿನ ಅಂಗಡಿಗಳನ್ನ ದಾಟಿ ಚರ್ಮ ಹುಡುಕಿದ್ವಿ.

ಮೊದಲು ಸಿಕ್ಕಿದ್ದು ‘ಜೆನ್ಯೂನ್ ಲೆದರ್’ ಅಂತ ಅಚ್ಚು ಹಾಕಿದ ಬೆಲ್ಟು, 350 ರೂಪಾಯಿ. ಆಮೇಲೆ ಚಪ್ಪಲಿ ಹೊಲಿಯೋರೊಬ್ಬರ ಹತ್ತಿರ ಅಟ್ಟೆಗೆ ಹಾಕೋ ದಪ್ಪ ಚರ್ಮದ ಒಂದು ತುಂಡು, 120. ಮೂರನೆಯದು ನಮ್ಮದಲ್ಲ. ಸೀನಿಯರ್ ಒಬ್ಬರಿಗೆ ಈ ಥರ ಕತ್ತಿಯಲ್ಲಿ ಶೇವ್ ಮಾಡೋದು ಹಾಬಿ. ಅವರ ಕುದುರೆ ಚರ್ಮದ ಸ್ಟ್ರಾಪ್‌ನ ‘ಗೀರು ಬಿದ್ರೆ ಸಾಯಿಸ್ತೀನಿ’ ಅನ್ನೋ ಷರತ್ತಿನ ಮೇಲೆ ತಂದಿದ್ವಿ.

ಇವುಗಳಲ್ಲಿ ಯಾವುದು ಒಳ್ಳೇದು ಅಂತ ಹೇಳೋರು ಬೇಕಿತ್ತಲ್ಲ. ಮುಖ್ಯ ರಸ್ತೆಯಿಂದ ಒಳಗೆ ಎರಡು ತಿರುವು ಹೋದ್ರೆ ಎರಡೇ ಕುರ್ಚಿಯ ಒಂದು ಸೆಲೂನ್. ಅಲ್ಲಿನ ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಏಡ್ಸ್ ಭಯ ಬಂದ ಮೇಲೆ ಎಲ್ಲ ಕಡೆ ಅರ್ಧ ಬ್ಲೇಡ್ ಆಯ್ತು, ನಾನೂ ಕತ್ತಿ ಒಳಗಿಟ್ಟೆ ಅಂದ್ರು. ಆದರೆ ಬೆರಳು ಮರೆತಿರಲಿಲ್ಲ.

ಬೆಲ್ಟನ್ನ ಒಮ್ಮೆ ಮಡಚಿದರು. ಮಡಿಕೆಯಲ್ಲಿ ಮೇಲಿನ ಪದರ ಸಣ್ಣಗೆ ಬಿರುಕು ಬಿಟ್ಟಿತು. ‘ಇದು ಪ್ಲಾಸ್ಟಿಕ್ಕು, ಚರ್ಮದ ವೇಷ ಹಾಕಿದೆ’ ಅಂದ್ರು. ಸೀನಿಯರ್ ಸ್ಟ್ರಾಪ್ ಮೇಲೆ ಅಂಗೈ ಆಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಗಾಜಿನ ಹಾಗೆ ನುಣುಪು. ‘ಭಾಳ ಒಳ್ಳೇ ಮಾಲು. ಆದ್ರೆ ಕಲಿಯೋರಿಗಲ್ಲ. ಜಾರುತ್ತೆ, ಕೈಗೆ ಏನೂ ಹೇಳಲ್ಲ.’ ಅಟ್ಟೆ ಚರ್ಮವನ್ನ ಮೂಸಿ ನೋಡಿ ತಲೆ ಆಡಿಸಿದರು. ತೊಗಟೆಯಲ್ಲಿ ಹದ ಮಾಡಿದ್ದು, ಗಾಜಿನ ಬಾಟಲಿ ಉರುಳಿಸಿ ಉಜ್ಜಿದ್ರೆ ನುಣ್ಣಗಾಗುತ್ತೆ, ನಡೆಯುತ್ತೆ ಅಂದ್ರು.

ಹಾಸ್ಟೆಲ್‌ಗೆ ಬಂದು ಓದಿದಾಗ ಅವರು ಹೇಳಿದ್ದಕ್ಕೆ ಕಾರಣ ಸಿಕ್ತು. ಕ್ರೋಮಿಯಂ ಲವಣದಲ್ಲಿ ಚರ್ಮ ಸುಮಾರು ಒಂದು ದಿನದಲ್ಲೇ ಹದವಾಗುತ್ತೆ, ಆದರೆ ಮೆತ್ತಗೆ ಎಳೆದಂಗೆ ಬರುತ್ತೆ. ಆವರಿಕೆ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡೋದಕ್ಕೆ ವಾರಗಟ್ಟಲೆ ಬೇಕು, ಆದರೆ ಬಿಗಿಯಾಗಿರುತ್ತೆ. ಸ್ಟ್ರಾಪ್‌ಗೆ ಬಿಗಿಯೇ ಮುಖ್ಯ. ಮೆತ್ತಗಿದ್ರೆ ಚರ್ಮ ಕುಗ್ಗಿ, ಅಲಗು ದಾಟಿದ ತಕ್ಷಣ ಮೇಲೆದ್ದು ಅದರ ಬಾಯನ್ನ ಮೊಂಡು ಮಾಡುತ್ತೆ. ಪಟ್ಟಿಯನ್ನ ಸಡಿಲ ಹಿಡಿದರೂ ಅದೇ ಗತಿ. ಇನ್ನೊಂದು ವಿಷಯ, ಬರೀ ಚರ್ಮ ಉಕ್ಕನ್ನ ಹೆಚ್ಚೇನೂ ಸವೆಸಲ್ಲ. ಸವೆಸಬೇಕಂದ್ರೆ ಕ್ರೋಮಿಯಂ ಆಕ್ಸೈಡ್‌ನ ಹಸಿರು ಪೇಸ್ಟ್ ಹಚ್ಚಬೇಕು. ಚರ್ಮದ ಕೆಲಸ ಬಾಗಿದ ಅಂಚನ್ನ ನೆಟ್ಟಗೆ ಮಾಡೋದು.

ಅಂಚು ಯಾಕೆ ಕೆಡುತ್ತೆ ಅನ್ನೋದು ಇನ್ನೂ ಮಜಾ. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಕೂದಲು ಬಾಗಿ ಓರೆಯಾಗಿ ತಾಗಿದಾಗ ಉಕ್ಕಿನ ಅಂಚು ಸಣ್ಣ ಸಣ್ಣ ಚೂರಾಗಿ ಹಾರುತ್ತೆ ಅಂತ ಎಂಐಟಿಯವರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ್ದಾರೆ. ಮೆಟೀರಿಯಲ್ಸ್ ಇಂಟರ್ನಲ್ಸ್‌ನಲ್ಲಿ ಇದನ್ನ ಕೇಳಿದ್ರೆ ನಾವು ನಾಲ್ವರೂ ಪಾಸ್.

ಆದರೆ ಆ ದಿನ ಅಂಗಡಿಯಲ್ಲಿ ನಡೆದದ್ದು ಅಷ್ಟೇ ಅಲ್ಲ. ಯಜಮಾನರು ಕೊನೆಗೆ ತಾತನ ಪಟ್ಟಿ ಕೈಗೆ ತಗೊಂಡರು. ಬೆಳಕಿಗೆ ಹಿಡಿದು, ಇಂಥ ಪಟ್ಟಿ ಮನೇಲಿಟ್ಕೊಂಡು ಬೆಲ್ಟ್ ಕೊಂಡ್ರಾ ಅಂತ ಬೈದರು. ಆಮೇಲೆ ಕೇಳಿದರು, ‘ತಾತ ಎಲ್ಲಿ ಕೆಲಸ ಮಾಡ್ತಿದ್ರು?’

ಕೆಲಸ ಅನ್ನೋ ಪದ ನಮಗೆ ಅರ್ಥ ಆಗೋ ಮೊದಲೇ ಅವನು ಉತ್ತರ ಕೊಟ್ಟ. ‘ಇಲ್ಲೇ. ಈ ಬೀದಿಗಳಲ್ಲೇ. ಪೆಟ್ಟಿಗೆ ಹಿಡ್ಕೊಂಡು ಮನೆ ಮನೆಗೆ ಹೋಗ್ತಿದ್ರು. ಹಿತ್ತಲಲ್ಲಿ ಕೂತು ಮಾಡಿ ಬರ್ತಿದ್ರು. ಮನೆ ಒಳಗೆ ಕರೀತಿರಲಿಲ್ಲ.’

ಮೂರು ಸೆಮಿಸ್ಟರ್‌ನಿಂದ ಅವನ ಅಪ್ಪಂದು ‘ಬಿಸಿನೆಸ್’ ಅಂತಷ್ಟೇ ನಮಗೆ ಗೊತ್ತಿದ್ದದ್ದು. ಸುಳ್ಳೇನಲ್ಲ, ಊರಲ್ಲಿ ಸೆಲೂನ್ ಇದೆ. ಯಾರದಾದ್ರೂ ಹೇರ್‌ಕಟ್ ಕೆಟ್ಟರೆ, ಯಾರಾದ್ರೂ ಲ್ಯಾಬ್‌ನಲ್ಲಿ ಎಡವಟ್ಟು ಮಾಡಿದ್ರೆ, ನಮ್ಮ ರೂಮಲ್ಲಿ ಬಳಸ್ತಿದ್ದ ಒಂದು ಬೈಗುಳ ಇತ್ತು. ಯಾವುದು ಅಂತ ನಿಮಗೂ ಗೊತ್ತು, ನಿಮ್ಮ ರೂಮಲ್ಲೂ ಇರುತ್ತೆ. ಅವನ ಮುಂದೆ ಎಷ್ಟು ಸಲ ಹೇಳಿದ್ವಿ ಅಂತ ವಾಪಸ್ ಬರೋ ದಾರೀಲಿ ಮೂವರೂ ಮನಸ್ಸಲ್ಲೇ ಎಣಿಸ್ತಿದ್ವಿ. ಒಂದು ಸಲ ಅವನೂ ನಕ್ಕಿದ್ದ. ಅದು ನೆನಪಾಗಬಾರದಿತ್ತು. ಸಾರಿ ಕೇಳೋಕೆ ಹೋದ್ರೆ ‘ಬಿಡ್ರೋ, ಡ್ರಾಮಾ ಬೇಡ’ ಅಂದ. ಇದನ್ನ ಬರೀಲಾ ಅಂತ ಕೇಳಿದಾಗ ಮಾತ್ರ ಸ್ವಲ್ಪ ಯೋಚಿಸಿ, ಬರೀರಿ, ಹೆಸರು ಬೇಡ ಅಂದ.

ಪಟ್ಟಿಯ ತುದಿಯಲ್ಲಿ ಕೆಲವು ಕಚ್ಚುಗಳಿದ್ವು. ಅಲಗು ತಿರುಗಿಸೋ ಜಾಗದಲ್ಲೇ, ಸಾಲಾಗಿ. ‘ಇವು ನಿಮ್ಮ ತಾತಂದಲ್ಲ’ ಅಂದಿದ್ರು ಯಜಮಾನರು. ‘ಕೆಲಸಗಾರ ಪಟ್ಟಿ ಕುಯ್ಯಲ್ಲ. ಯಾವನೋ ಹುಡುಗ ಇದರ ಮೇಲೆ ಕಲ್ತಿದಾನೆ.’ ಎಣ್ಣೆ ಜಾಸ್ತಿ ಹಾಕಬೇಡಿ, ದಿನಾ ಅಂಗೈಯಲ್ಲಿ ಬಿಸಿಯಾಗೋ ತನಕ ಉಜ್ಜಿ, ಜೀವ ಬರುತ್ತೆ ಅಂತಾನೂ ಹೇಳಿದ್ರು. ಸರದಿ ಹಾಕ್ಕೊಂಡು ಹತ್ತು ದಿನ ಉಜ್ಜಿದ್ವಿ. ನಿಜವಾಗ್ಲೂ ಮೆದುವಾಯ್ತು. ಅಟ್ಟೆ ಚರ್ಮಕ್ಕಿಂತ, ಹೇಳೋದಾದ್ರೆ ಸೀನಿಯರ್ ಸ್ಟ್ರಾಪ್‌ಗಿಂತಲೂ, ಇದರ ಮೇಲೆ ಅಲಗಿನ ಹಿಡಿತ ಕೈಗೆ ಚೆನ್ನಾಗಿ ಗೊತ್ತಾಗುತ್ತೆ. ನಾವು ನಿಷ್ಪಕ್ಷಪಾತಿಗಳಲ್ಲ ಅನ್ನೋದನ್ನ ಲೆಕ್ಕಕ್ಕೆ ಹಿಡಿಯಿರಿ.

ಹತ್ತನೇ ರಾತ್ರಿ ಅವನು ಅಪ್ಪನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದ. ‘ಬೆನ್ನು ಮುಂದೆ, ಬಾಯಿ ಹಿಂದೆ’ ಅಂದ್ರು ಅವರು. ‘ತುದೀಲಿ ಬೆನ್ನಿನ ಮೇಲೇ ಹೊರಳಿಸ್ಬೇಕು. ಎತ್ತಿದ್ಯೋ, ಪಟ್ಟಿ ಕುಯ್ದೆ.’

‘ಈ ಕಚ್ಚೆಲ್ಲಾ ನಿಂದಾ?’

ಅವರು ಜೋರಾಗಿ ನಕ್ಕರು. ‘ಎಷ್ಟಿದೆ ಎಣಿಸು. ಒಂದೊಂದಕ್ಕೂ ಒಂದೊಂದು ಏಟು ತಿಂದಿದೀನಿ.’ ಹದಿನಾಲ್ಕಿತ್ತು. ಆಮೇಲೆ ನಮ್ಮ ನಗು ಕೇಳಿಸಿರಬೇಕು, ತಟ್ಟನೆ ದನಿ ಇಳಿಸಿ, ‘ಪಕ್ಕದಲ್ಲಿ ಯಾರಿದಾರೆ?’ ಅಂದ್ರು.

‘ಎಲ್ಲಾ ಇದಾರೆ. ರೂಮ್‌ನೋರು.’

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, ‘ಊಟ ಆಯ್ತೇನ್ರಪ್ಪಾ ಎಲ್ರದೂ?’

ಕತ್ತಿ ಈಗ ಊರಿಗೆ ವಾಪಸ್ ಹೋಗಿದೆ (ವಾರ್ಡನ್ ಸರ್ ಇದನ್ನ ಓದ್ತಿದ್ರೆ). ಅಷ್ಟರೊಳಗೆ ನಾವು ಕೆರೆದದ್ದು ಮುಂಗೈ ಕೂದಲು ಮಾತ್ರ, ಗಡ್ಡಕ್ಕೆ ಯಾರಿಗೂ ಧೈರ್ಯ ಬರಲಿಲ್ಲ. ಪಟ್ಟಿ ಬಾಗಿಲ ಹಿಂದಿನ ಮೊಳೇಲಿ ನೇತಾಡ್ತಿದೆ. ಕಚ್ಚು ಈಗ ಹದಿನೈದು. ಹದಿನೈದನೇದು ಯಾರ್ದು ಅಂತ ಇನ್ನೂ ಜಗಳ ನಡೀತಾ ಇದೆ.