ಡೇಟಾಬೇಸ್ ಕಥೆ 4: ಅಜ್ಜನ ಹೆಸರು ಎಲ್ಲಿ ಹೋಯ್ತು?

ಎಕ್ಸಾಮ್‌ಗೆ ಜಾಯಿನ್ ಬಾಯಿಪಾಠ ಮಾಡಿದ್ದೀರಾ? ನಾನೂ ಮಾಡಿದ್ದೆ. ಮಾರ್ಕ್ಸೂ ಬಂತು. ಅರ್ಥ ಆಗಿದ್ದು ಮಾತ್ರ ಮಂಚಿಕೇರಿಯಲ್ಲಿ, ಒಬ್ಬ ಅಜ್ಜನ ಎದುರು ತಲೆ ತಗ್ಗಿಸಿ ನಿಂತಾಗ.

ರಜೆಗೆ ಮನೆಗೆ ಹೋಗಿದ್ದೆ. ಊರ ಕಡೆಯ ಒಂದು ಸೊಸೈಟಿಗೆ ವಾರ್ಷಿಕ ಸಭೆಯ ನೋಟಿಸ್ ಕಳಿಸೋಕೆ ಪಟ್ಟಿ ಬೇಕಿತ್ತು. ಪ್ರತಿ ಸದಸ್ಯರ ಹೆಸರಿನ ಮುಂದೆ ಆ ವರ್ಷ ತಂದ ಅಡಿಕೆ ಎಷ್ಟು ಅಂತಲೂ ಇರಬೇಕು. "ನೀನು ಕಂಪ್ಯೂಟರ್ ಓದ್ತೀಯಲ್ಲ, ಮಾಡಿಕೊಡು" ಅಂದ್ರು. ಎರಡು ಟೇಬಲ್: ಸದಸ್ಯರು, ಅಡಿಕೆ. ಸದಸ್ಯ ಸಂಖ್ಯೆ ಹಿಡಿದು ಜೋಡಿಸಿ, ಹತ್ತೇ ನಿಮಿಷದಲ್ಲಿ ಕೊಟ್ಟು ಬಂದೆ. ಭಾರೀ ಜಂಬ.

ವಾರದ ನಂತರ ಆಚೆಮನೆ ಅಜ್ಜ ಬಂದ್ರು. "ಯನ್ನ ಹೆಸ್ರೇ ಇಲ್ಯಲಾ ತಮಾ?"

ಆ ಮಳೆಗಾಲ ಅವರ ತೋಟಕ್ಕೆ ಕೊಳೆರೋಗ ಬಿದ್ದಿತ್ತು. ಮಳೆ ಬಿಡದೆ ಬೋರ್ಡೋ ದ್ರಾವಣ ಹೊಡೆಯೋಕೆ ಆಗಲಿಲ್ಲ, ಎಳೆ ಅಡಿಕೆ ಎಲ್ಲಾ ಉದುರಿತ್ತು. ಸೊಸೈಟಿಗೆ ಒಂದು ಕಿಲೋ ಸಹ ತಂದಿರಲಿಲ್ಲ. ನಾನು ಬರೆದದ್ದು ಇನ್ನರ್ ಜಾಯಿನ್. ಎರಡೂ ಕಡೆ ಇದ್ದವರು ಮಾತ್ರ ಉಳೀತಾರೆ. ಬೆಳೆ ಕಳಕೊಂಡವರನ್ನೇ ನನ್ನ ಕ್ವೆರಿ ಪಟ್ಟಿಯಿಂದಲೂ ಕಳೆದುಬಿಟ್ಟಿತ್ತು. ಎರರ್ ಏನೂ ಬರಲಿಲ್ಲ, ಅದೇ ಭಯ.

ಈಗ ಸಣ್ಣ ಲೆಕ್ಕ ಮಾಡೋಣ, ಬೆರಳು ಮಡಚಿ.

ಸದಸ್ಯರು 5. ಅಡಿಕೆ ಟೇಬಲ್‌ನಲ್ಲೂ 5 ಸಾಲು: ಒಬ್ಬರು ಎರಡು ಸಲ ತಂದಿದ್ದಾರೆ, ಇಬ್ಬರು ಒಂದೊಂದು ಸಲ, ಉಳಿದ ಒಂದು ಸಾಲಲ್ಲಿ ಸದಸ್ಯ ಸಂಖ್ಯೆ ತಪ್ಪಾಗಿ ಬಿದ್ದಿದೆ.

🌴 ಇನ್ನರ್: 4 ಸಾಲು. ಜೋಡಿ ಸಿಕ್ಕಿದ್ದು ಮಾತ್ರ.
🌴 ಲೆಫ್ಟ್: 6 ಸಾಲು. ಆ 4, ಜೊತೆಗೆ ಏನೂ ತರದ ಇಬ್ಬರು. ಅವರ ಅಡಿಕೆ ಜಾಗದಲ್ಲಿ ನಲ್.
🌴 ರೈಟ್: 5 ಸಾಲು. ಆ 4, ಜೊತೆಗೆ ಯಾರದು ಅಂತ ತಿಳಿಯದ ಅಡಿಕೆ. ತಪ್ಪು ಸಂಖ್ಯೆ ಹಿಡಿಯೋಕೆ ಒಳ್ಳೇದು.
🌴 ಫುಲ್: 7 ಸಾಲು. ಯಾರೂ ಬಿಟ್ಟುಹೋಗಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಇದು ಇಲ್ಲ. ಲೆಫ್ಟ್ ಮತ್ತು ರೈಟ್ ಬರೆದು ಯೂನಿಯನ್ ಮಾಡಬೇಕು.
🌴 ಕ್ರಾಸ್: 25 ಸಾಲು. ಎಲ್ಲರಿಗೂ ಎಲ್ಲರ ಅಡಿಕೆ!

ಗಮನಿಸಿದ್ರಾ? ಇನ್ನರ್‌ನಲ್ಲಿ 4 ಸಾಲು, ಆದ್ರೆ ಜನ ಮೂರೇ. ಎರಡು ಸಲ ತಂದವರ ಹೆಸರು ಎರಡು ಸಲ ಬಂದಿದೆ. ಆದ್ದರಿಂದ ಸಾಲು ಎಣಿಸಿ "ಇಷ್ಟು ಸದಸ್ಯರು" ಅನ್ನಬೇಡಿ. ಗ್ರೂಪ್ ಬೈ ಹಾಕಿ, ಕಿಲೋ ಕೂಡಿಸಿ.

ಅಜ್ಜ ಹೋದ ಮೇಲೆ ಲೆಫ್ಟ್ ಜಾಯಿನ್ ಹಾಕಿದೆ. ಆದ್ರೂ ಹೆಸರು ಬರಲಿಲ್ಲ! ಕಾರಣ, "ಈ ವರ್ಷದ ಅಡಿಕೆ" ಅನ್ನೋ ಷರತ್ತು ವೇರ್‌ನಲ್ಲಿತ್ತು. ಅಜ್ಜನ ಸಾಲಲ್ಲಿ ವರ್ಷವೂ ನಲ್. ನಲ್ ಯಾವ ವರ್ಷಕ್ಕೂ ಸಮ ಆಗಲ್ಲ, ಹಾಗಾಗಿ ವೇರ್ ಅವರನ್ನು ಮತ್ತೆ ಹೊರಗೆ ಹಾಕ್ತು. ಷರತ್ತನ್ನು ಆನ್ ಜೊತೆಗೆ ಸರಿಸಿದೆ. ಬಂದ್ರು.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಡೇಟಾವನ್ನು ಟೇಬಲ್‌ಗಳ ಸಂಬಂಧವಾಗಿ ನೋಡೋ ಪ್ರಬಂಧ ಪ್ರಕಟಿಸಿದರು. ನನಗೆ ಆ ಸಂಬಂಧ ಅಂದ್ರೇನು ಅಂತ ತಿಳಿಸಿದ್ದು ಮಾತ್ರ ಆಚೆಮನೆ ಅಜ್ಜ.

ಹೊಸ ಪಟ್ಟಿ, ನೋಟಿಸ್ ಎರಡನ್ನೂ ನಾನೇ ಅವರ ಮನೆಗೆ ಒಯ್ದೆ. ಹೆಸರಿನ ಮುಂದಿನ ಖಾಲಿ ಜಾಗ ನೋಡಿ ನಕ್ಕು, ಚಾ ಕೊಟ್ರು.

ನೀವೂ ಜಾಯಿನ್ ಬರೆಯೋ ಮೊದಲು ಒಮ್ಮೆ ಕೇಳಿಕೊಳ್ಳಿ: ಈ ಪಟ್ಟಿಯಲ್ಲಿ ಯಾರು ಬಿಟ್ಟುಹೋಗಬಾರದು? ಅವರ ಟೇಬಲ್ ಎಡಕ್ಕಿರಲಿ.

ಮುಂದಿನ ಕಂತು: ಸೆಲ್ಫ್ ಜಾಯಿನ್. ಸೇವ್ ಮಾಡ್ಕೊಳ್ಳಿ, ಲ್ಯಾಬ್ ಪಾರ್ಟ್‌ನರ್‌ಗೂ ಕಳಿಸಿ 🙂